ಮೂಲೆಗೆ ಬಿದ್ದ ಪಕ್ಕು, ಮೂರು ವರ್ಷದ ಕಾಗದ: ಐಸ್ ಹಾಕಿಯ ಮೈನರ್ ಲೀಗಿನಲ್ಲಿ ಹುಡುಗರು ತಯಾರಾಗುವ ಬಗೆ

ಹುಡುಗ ಮೈನರ್ ಲೀಗಿಗೆ ಬಂದಿಳಿದ ದಿನ ನಮ್ಮ ಕೈಯಲ್ಲಿ ಎರಡು ಹಾಳೆ ಇರುತ್ತವೆ. ಒಂದರಲ್ಲಿ ಅವನ ಒಪ್ಪಂದದ ತಾರೀಖುಗಳು, ಇನ್ನೊಂದರಲ್ಲಿ ಅವನಿಗೆ ಇನ್ನೂ ಬಾರದ ಕೆಲಸಗಳು. ಮೊದಲನೆಯದು ಯಾರನ್ನೂ ಕೇಳದೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಎರಡನೆಯದರಲ್ಲಿ ಒಂದು ಸಾಲು ಹೊಡೆದುಹಾಕಬೇಕಾದರೆ ಹುಡುಗನ ಕಾಲು, ಕಣ್ಣು, ಊಟ, ನಿದ್ದೆ ಎಲ್ಲವೂ ಒಂದೇ ವಾರದಲ್ಲಿ ಸರಿಹೋಗಬೇಕು. ಎರಡೂ ಒಟ್ಟಿಗೆ ಮುಗಿಯುವುದು ಅಪರೂಪ. ಮೈನರ್ ಲೀಗಿನ ಕೋಚಿಂಗ್ ಎಂದರೆ ಹೆಚ್ಚುಕಮ್ಮಿ ಈ ಎರಡು ಹಾಳೆಗಳ ನಡುವಿನ ಜಗ್ಗಾಟ.

ಹಾಕಿ ಅಂದಕೂಡಲೇ ಕೊಡಗಿನ ಮೈದಾನ ಕಣ್ಣಿಗೆ ಬರುವ ನಮ್ಮವರಿಗೆ ಎರಡು ಮಾತು. ಇದು ಮಂಜುಗಡ್ಡೆಯ ಮೇಲಿನ ಆಟ. ರಿಂಕ್ 200 ಅಡಿ ಉದ್ದ, 85 ಅಡಿ ಅಗಲ, ಸುತ್ತಲೂ ಬೋರ್ಡಿನ ಗೋಡೆ. ಒಂದು ಹೊತ್ತಿಗೆ ಒಂದೊಂದು ಕಡೆ ಗೋಲು ಕಾಯುವ ಒಬ್ಬ ಗೋಲಿ, ಐವರು ಸ್ಕೇಟರ್‌ಗಳು: ದಾಳಿಗೆ ಮೂವರು ಫಾರ್ವರ್ಡ್‌ಗಳು (ನಡುವೆ ಸೆಂಟರ್, ಎರಡು ಬದಿಗೆ ವಿಂಗರ್‌ಗಳು), ಹಿಂದೆ ಇಬ್ಬರು ಡಿಫೆನ್ಸ್‌ಮನ್‌ಗಳು. ಪಕ್ ಎಂದರೆ ಮೂರಂಗುಲ ಅಗಲ, ಒಂದಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. 20 ನಿಮಿಷದ ಮೂರು ಪೀರಿಯಡ್. ಎಲ್ಲಕ್ಕಿಂತ ಮೇಲಿನ ಲೀಗು ಉತ್ತರ ಅಮೆರಿಕದ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್), 32 ತಂಡ. ಅದರ ಒಂದೊಂದು ತಂಡಕ್ಕೂ ಕೆಳಗೆ ಎಎಚ್‌ಎಲ್‌ನಲ್ಲಿ (ಅಮೆರಿಕನ್ ಹಾಕಿ ಲೀಗ್) ಒಂದು ಜೊತೆ ತಂಡ, ಋತುವಿಗೆ 72 ಪಂದ್ಯ. ಇನ್ನೂ ಕೆಳಗಿನ ಲೀಗು ಇಸಿಎಚ್‌ಎಲ್. ಇವತ್ತು ಎನ್‌ಎಚ್‌ಎಲ್‌ನಲ್ಲಿ ಆಡುವ ಹತ್ತು ಜನರಲ್ಲಿ ಹೆಚ್ಚುಕಮ್ಮಿ ಒಂಬತ್ತು ಮಂದಿ ಎಎಚ್‌ಎಲ್‌ನ ಬಸ್ಸು ಹತ್ತಿಳಿದವರೇ.

ಮೊದಲ ಹಾಳೆಯಿಂದಲೇ ಶುರು ಮಾಡೋಣ, ಯಾಕೆಂದರೆ ಹೊರಗಿನವರಿಗೆ ಅರ್ಥವಾಗದ ಅರ್ಧ ನಿರ್ಧಾರಗಳು ಅಲ್ಲಿಂದ ಬರುತ್ತವೆ. 18ರಿಂದ 21ರೊಳಗೆ ಸಹಿ ಹಾಕಿದವನ ಮೊದಲ ಒಪ್ಪಂದ ಮೂರು ವರ್ಷದ್ದು. 22, 23ಕ್ಕೆ ಸಹಿ ಹಾಕಿದರೆ ಎರಡು, 24ಕ್ಕೆ ಒಂದು. 18 ಅಥವಾ 19ರಲ್ಲಿ ಸಹಿ ಹಾಕಿದ ಹುಡುಗ ಆ ಋತುವಿನಲ್ಲಿ ಎನ್‌ಎಚ್‌ಎಲ್‌ನಲ್ಲಿ ಹತ್ತು ಪಂದ್ಯ ಮುಟ್ಟದಿದ್ದರೆ ಒಪ್ಪಂದದ ಮೊದಲ ವರ್ಷ ಖರ್ಚಾಗುವುದೇ ಇಲ್ಲ, ಮುಂದಕ್ಕೆ ಜಾರುತ್ತದೆ. ಎಎಚ್‌ಎಲ್ ಪಂದ್ಯ ಎಷ್ಟು ಆಡಿದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಒಂಬತ್ತು ಪಂದ್ಯ ಚೆನ್ನಾಗಿ ಆಡಿದ ಹುಡುಗನನ್ನು ಹತ್ತನೆಯದಕ್ಕೆ ಮುಂಚೆ ಕೆಳಗೆ ಕಳಿಸಿದರೆ ಅಭಿಮಾನಿಗಳು ಕೋಚಿಗೆ ಬೈಯುತ್ತಾರೆ. ಪಾಪ, ಅದು ಬಹಳ ಸಲ ಕೋಚಿನ ಕೈಯಲ್ಲಿ ಇರುವುದೇ ಇಲ್ಲ.

ಇನ್ನೊಂದು ತಾರೀಖು ವೇವರ್ಸ್‌ನದು. 20ರಲ್ಲಿ ಸಹಿ ಹಾಕಿದ ಸ್ಕೇಟರ್‌ನನ್ನು ಮೂರು ವರ್ಷ, ಇಲ್ಲವೇ 160 ಎನ್‌ಎಚ್‌ಎಲ್ ಪಂದ್ಯ, ಯಾವುದು ಮೊದಲೋ ಅಲ್ಲಿಯವರೆಗೆ ಮೇಲೆ ಕೆಳಗೆ ಎಷ್ಟು ಸಲ ಬೇಕಾದರೂ ಓಡಾಡಿಸಬಹುದು. ಆಮೇಲೆ ಕೆಳಗೆ ಕಳಿಸಬೇಕಾದರೆ 24 ಗಂಟೆ ಅವನ ಹೆಸರನ್ನು ಉಳಿದ 31 ತಂಡಗಳ ಮುಂದೆ ಇಡಬೇಕು, ಇದೇ ವೇವರ್ಸ್. ಯಾರಾದರೂ ಕೈ ಎತ್ತಿದರೆ ಹುಡುಗ ಹೋದ, ಮೂರು ವರ್ಷದ ಕೆಲಸವೂ ಹೋಯಿತು. ಹಾಗಾಗಿ 20ಕ್ಕೆ ಸಹಿ ಹಾಕಿದವನಿಗೆ ಒಪ್ಪಂದವೂ ವೇವರ್ಸ್ ವಿನಾಯಿತಿಯೂ ಒಟ್ಟಿಗೆ ತೀರುತ್ತವೆ. ನಾಲ್ಕನೆಯ ಋತುವಿನ ಅಕ್ಟೋಬರ್ ಬಂದಾಗ ಅವನು ಮೇಲಿನ ತಂಡದಲ್ಲಿ ನಿಲ್ಲಬಲ್ಲವನಾಗಿರಬೇಕು, ಇಲ್ಲವೇ ಯಾರಿಗೂ ಬೇಡದವನಾಗಿರಬೇಕು. ಎರಡರ ನಡುವೆ ಇದ್ದವನನ್ನೇ ಬೇರೆಯವರು ಎತ್ತಿಕೊಂಡು ಹೋಗುವುದು. ಇದರ ಮೇಲೆ ಒಂದು ಎನ್‌ಎಚ್‌ಎಲ್ ತಂಡಕ್ಕೆ ಒಟ್ಟು 50 ಒಪ್ಪಂದಗಳ ಮಿತಿ. ಕಾಯುತ್ತಾ ಕೂತ ಪ್ರತಿಯೊಬ್ಬನೂ ಒಂದು ಜಾಗ ಹಿಡಿದಿರುತ್ತಾನೆ.

ಎಲ್ಲಿಂದ ಬಂದವನು ಅನ್ನುವುದೂ ಮುಖ್ಯ. ಎನ್‌ಎಚ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಸುತ್ತು ಸುತ್ತಾಗಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಿಂದ ಡ್ರಾಫ್ಟ್ ಆದ 19ರ ಹುಡುಗನಿಗೆ ಬಹುಕಾಲ ಎರಡೇ ದಾರಿ ಇದ್ದವು: ನೇರ ಎನ್‌ಎಚ್‌ಎಲ್, ಇಲ್ಲವೇ ವಾಪಸ್ ಜೂನಿಯರ್. ಎಎಚ್‌ಎಲ್‌ಗೆ ಬಿಡುತ್ತಿರಲಿಲ್ಲ. ಜೂನಿಯರ್‌ನಲ್ಲಿ ಕಲಿಯುವುದು ಏನೂ ಉಳಿದಿಲ್ಲ, ಮೇಲೆ ಆಡುವಷ್ಟು ಮೈ ಇಲ್ಲ ಎಂಬ ಹುಡುಗರು ಒಂದು ವರ್ಷ ಸುಮ್ಮನೆ ಕಳೆದದ್ದುಂಟು. ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘದ ನಡುವೆ 2026ರ ಸೆಪ್ಟೆಂಬರ್‌ನಿಂದ ಜಾರಿಯಾಗುವ ಒಪ್ಪಂದದಲ್ಲಿ ಈ ಗಂಟನ್ನು ಸ್ವಲ್ಪ ಸಡಿಲಿಸಿದ್ದಾರೆ. 2025ರ ಆಗಸ್ಟ್‌ನಿಂದ ಜೂನಿಯರ್ ಆಡಿದವರಿಗೂ ಅಮೆರಿಕದ ಕಾಲೇಜು ಹಾಕಿ ತೆರೆದುಕೊಂಡಿರುವುದರಿಂದ ಮೂರನೆಯ ದಾರಿಯೂ ಇದೆ. ಯೂರೋಪಿನ ಹುಡುಗನಿಗೆ ಈ ತೊಡಕು ಮೊದಲಿಂದಲೂ ಇರಲಿಲ್ಲ. ಸ್ಲೊವಾಕಿಯಾದ ತೊಮಾಸ್ ತಾತಾರ್ 2009ರಲ್ಲಿ ಎರಡನೇ ಸುತ್ತಿನಲ್ಲಿ ಡೆಟ್ರಾಯಿಟ್‌ಗೆ ಆಯ್ಕೆಯಾದವನು, ಆ ಋತುವಿನಲ್ಲೇ ಅದರ ಜೊತೆ ತಂಡ ಗ್ರಾಂಡ್ ರಾಪಿಡ್ಸ್ ಗ್ರಿಫಿನ್ಸ್‌ನಲ್ಲಿ ಆಡತೊಡಗಿದ. ನಾಲ್ಕು ಋತು ಅಲ್ಲಿದ್ದು, 2013ರಲ್ಲಿ ತಂಡ ಎಎಚ್‌ಎಲ್‌ನ ಕ್ಯಾಲ್ಡರ್ ಕಪ್ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರನಾಗಿ ಮೇಲೆ ಹೋದ. ಹಣ್ಣು ಮರದಲ್ಲೇ ಕಳಿಯಲಿ ಎಂದು ಕಾಯುವುದು ಆಗಿನ ಡೆಟ್ರಾಯಿಟ್‌ನವರ ರೀತಿ. ಮೊದಲ ಸುತ್ತಿನ ಪ್ರತಿಭೆಗೆ ಅದು ನಿಧಾನವೆನಿಸಬಹುದು, ಎರಡನೇ ಸುತ್ತಿನ ಕೆಳಗಿನವರಿಗೆ ಅದಕ್ಕಿಂತ ಒಳ್ಳೆಯ ಕ್ರಮ ನಮಗಂತೂ ಕಂಡಿಲ್ಲ.

ಜೂನ್ ಕೊನೆಗೆ ಡ್ರಾಫ್ಟ್, ಜುಲೈ ಮೊದಲಲ್ಲಿ ಡೆವಲಪ್‌ಮೆಂಟ್ ಕ್ಯಾಂಪ್. ಅಲ್ಲಿ ಹುಡುಗರು ಮಾಡುವ ತಪ್ಪು ಯಾವಾಗಲೂ ಒಂದೇ, ಆಯ್ಕೆಯ ಪರೀಕ್ಷೆ ಎಂದುಕೊಂಡು ಜುಲೈಗೇ ಮೈ ಹುರಿ ಮಾಡಿಕೊಂಡು ಬರುವುದು. ಜುಲೈನಲ್ಲಿ ಉತ್ತುಂಗ ಮುಟ್ಟಿದವನು ಸೆಪ್ಟೆಂಬರ್ ಕ್ಯಾಂಪಿಗೆ ಬಳಲಿರುತ್ತಾನೆ, ಜನವರಿಗೆ ತೊಡೆಸಂದು ಹಿಡಿದುಕೊಳ್ಳುತ್ತದೆ. ನಮಗೆ ಜುಲೈನಲ್ಲಿ ಬೇಕಿರುವುದು ಬರೀ ತಳಮಟ್ಟದ ಅಳತೆ: ತೂಕ, ಕೊಬ್ಬಿನ ಪ್ರಮಾಣ, ಸೊಂಟದ ಕೀಲು ಎಷ್ಟು ತಿರುಗುತ್ತದೆ, ಮುಂದಿನಿಂದ ಹಿಂದಿನಿಂದ ತೆಗೆದ ಸ್ಕೇಟಿಂಗ್ ವಿಡಿಯೋ. ಮುಂದಿನ ಏಪ್ರಿಲ್‌ನಲ್ಲಿ ಹೋಲಿಸಲು ಇಷ್ಟು ಸಾಕು.

ಸೆಪ್ಟೆಂಬರ್ ಕೊನೆಗೆ ದೊಡ್ಡ ಕ್ಯಾಂಪಿನಿಂದ ಕೆಳಗೆ ಕಳಿಸಿದವರೆಲ್ಲ ಎಎಚ್‌ಎಲ್ ಕ್ಯಾಂಪಿಗೆ ಬರುತ್ತಾರೆ. ಆಗ ತಂಡ ಕಟ್ಟುವ ಲೆಕ್ಕ ಶುರು. ಪಂದ್ಯಕ್ಕೆ ಇಳಿಯುವ 18 ಸ್ಕೇಟರ್‌ಗಳಲ್ಲಿ 13 ಮಂದಿ ‘ಡೆವಲಪ್‌ಮೆಂಟ್’ ಆಟಗಾರರೇ ಆಗಿರಬೇಕು. ಅವರಲ್ಲಿ 12 ಜನ ಋತು ಶುರುವಾಗುವಾಗ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು, ಒಬ್ಬನಿಗೆ 320ರವರೆಗೆ ರಿಯಾಯಿತಿ. ಗೋಲಿಗಳಿಗೆ ಈ ನಿಯಮವಿಲ್ಲ. ಅಂದರೆ ಪಳಗಿದ ಆಸಾಮಿಗಳಿಗೆ ಉಳಿಯುವುದು ಐದೇ ಜಾಗ. ಆ ಐದನ್ನು ಹೇಗೆ ತುಂಬುತ್ತೀರಿ ಅನ್ನುವುದರಲ್ಲಿ ಹುಡುಗರ ಭವಿಷ್ಯ ಅರ್ಧ ಇದೆ.

ಐದೂ ಗೋಲ್ ಹೊಡೆಯುವವರೇ ಆದರೆ ನವೆಂಬರ್‌ನಲ್ಲಿ ತಂಡ ಗೆಲ್ಲುತ್ತದೆ, ಗ್ಯಾಲರಿ ತುಂಬುತ್ತದೆ, ಪವರ್ ಪ್ಲೇ (ತಪ್ಪಿಗೆ ಎದುರಾಳಿಯೊಬ್ಬ ಹೊರಹೋಗಿ ನಮಗೊಬ್ಬ ಹೆಚ್ಚಿರುವ ಹೊತ್ತು) ಬಂದಾಗಲೆಲ್ಲ ಹುಡುಗರು ಬೆಂಚಿನಲ್ಲಿ ಕೂತು ನೋಡುತ್ತಾರೆ. ಇಬ್ಬರನ್ನು ನಾವು ಬಿಡುವುದೇ ಇಲ್ಲ. ಒಬ್ಬ, ಸ್ವಂತ ವಲಯದಲ್ಲಿ ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರು ಮಾಡುವುದು) ಗೆದ್ದುಕೊಡುವ ಸೆಂಟರ್. ಅವನು ಪಕ್ ಗೆದ್ದರೆ ಅವನ ಪಕ್ಕದ ಇಬ್ಬರು ಹುಡುಗರಿಗೆ ಓಡಾಟ ಉಳಿಯುತ್ತದೆ. ಇನ್ನೊಬ್ಬ, ಬಾಯಿ ಇರುವ ಡಿಫೆನ್ಸ್‌ಮನ್. ಬಾಯಿ ಎಂದರೆ ಜಗಳಕ್ಕಲ್ಲ. ಹೊಸ ಹುಡುಗ ಬೆನ್ನು ತಿರುಗಿಸಿ ಮೂಲೆಗೆ ಓಡುವಾಗ ಹಿಂದೆ ಏನಾಗುತ್ತಿದೆ ಎಂದು ಕೂಗಿ ಹೇಳುವ ಬಾಯಿ.

ಆ ಮೂಲೆಯ ಕೆಲಸವನ್ನು ಹತ್ತಿರದಿಂದ ನೋಡೋಣ. ಹೊಸ ಡಿಫೆನ್ಸ್‌ಮನ್‌ನ ಹಾಳೆಯಲ್ಲಿ ಮೊದಲ ಸಾಲು ಬಹುಪಾಲು ಇದೇ ಇರುತ್ತದೆ, ಕೊನೆಗೆ ಅಳಿಯುವ ಸಾಲೂ ಇದೇ.

ಎದುರಾಳಿ ಮಧ್ಯಗೆರೆ ದಾಟಿ ಪಕ್ಕನ್ನು ನಮ್ಮ ಮೂಲೆಗೆ ಎಸೆದ. ನಮ್ಮ ವಲಯ ಶುರುವಾಗುವ ನೀಲಿ ಗೆರೆಯಿಂದ ಗೋಲ್ ಗೆರೆಗೆ 64 ಅಡಿ, ಅದರ ಹಿಂದೆ ಗೋಡೆವರೆಗೆ ಇನ್ನು 11 ಅಡಿ. ಹಿಂದಕ್ಕೆ ಸ್ಕೇಟ್ ಮಾಡುತ್ತಿದ್ದ ನಮ್ಮ ಹುಡುಗ ತಿರುಗಿ ಓಡಬೇಕು. ಕೈಯಲ್ಲಿ ಎರಡರಿಂದ ಎರಡೂವರೆ ಸೆಕೆಂಡ್. ಇಷ್ಟರಲ್ಲಿ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಬೇಕು. ಮೊದಲ ನೋಟ ತಿರುಗಿದ ತಕ್ಷಣ, ಫೇಸ್‌ಆಫ್ ವೃತ್ತದ ಮೇಲ್ತುದಿಯ ಹತ್ತಿರ: ಎಷ್ಟು ಜನ ಬರುತ್ತಿದ್ದಾರೆ, ಯಾವ ಕಡೆಯಿಂದ. ಎರಡನೆಯದು ಪಕ್ ಮುಟ್ಟಲು ಎರಡು ಹೆಜ್ಜೆ ಇರುವಾಗ: ಮೊದಲನೆಯವನು ಒಳಗಿನಿಂದ ಬರುತ್ತಿದ್ದಾನೋ ಹೊರಗಿನಿಂದಲೋ. ಈ ಎರಡರ ನಡುವೆ ಜೊತೆಗಾರನ ಕೂಗು ಕಿವಿಗೆ ಬೀಳಬೇಕು. ‘ವೀಲ್’ ಎಂದರೆ ಪಕ್ ಇಟ್ಟುಕೊಂಡು ಗೋಲಿನ ಹಿಂದಿನಿಂದ ಸುತ್ತಿಕೊಂಡು ಹೋಗು. ‘ಓವರ್’ ಎಂದರೆ ಗೋಲಿನ ಹಿಂದಿನಿಂದ ನನಗೆ ಕೊಡು. ‘ರಿವರ್ಸ್’ ಎಂದರೆ ಬಂದ ದಿಕ್ಕಿಗೇ ಗೋಡೆಗೆ ತಾಗಿಸಿ ಬಿಡು. ‘ಅಪ್’ ಎಂದರೆ ಅದೇ ಬದಿಯ ವಿಂಗರ್‌ಗೆ ಗೋಡೆಗುಂಟ ಮೇಲಕ್ಕೆ. ಪಕ್ ಮುಟ್ಟಿದ ಮೇಲೆ ಬಂದ ಕೂಗು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಕೆಡುವುದು ಎಲ್ಲೆಲ್ಲಿ? ಮೊದಲನೆಯದು, ಹುಡುಗ ಕತ್ತು ತಿರುಗಿಸುತ್ತಾನೆ, ಏನನ್ನೂ ನೋಡಿರುವುದಿಲ್ಲ. ಜೂನಿಯರ್‌ನಲ್ಲಿ ‘ಹಿಂದೆ ನೋಡು’ ಎಂದು ಕೋಚ್ ಬೈದು ಬೈದು ಕತ್ತಿಗೆ ಮಾತ್ರ ಅಭ್ಯಾಸವಾಗಿರುತ್ತದೆ. ಇದಕ್ಕೆ ಮದ್ದು ಸುಲಭ. ಹಿಂದೆ ನಿಂತ ಕೋಚ್ ಕೈಗವಸು ತೆಗೆದು ಬೆರಳೆತ್ತುತ್ತಾನೆ, ಹುಡುಗ ಪಕ್ ಮುಟ್ಟುವ ಮುಂಚೆ ಎಷ್ಟೆಂದು ಕೂಗಬೇಕು. ಮೊದಲ ದಿನ ಹತ್ತರಲ್ಲಿ ನಾಲ್ಕು ಸರಿ ಹೇಳಿದರೆ ದೊಡ್ಡದು. ಎರಡನೆಯದು, ಪಕ್ಕಿನ ಕಡೆಗೆ ನೇರ ಗೆರೆಯಲ್ಲಿ ಓಡುವುದು. ನೇರ ಹೋದರೆ ಎದೆ ಗೋಡೆಗೆ, ಬೆನ್ನು ಎದುರಾಳಿಗೆ. ಹೊಡೆತ ಬಿದ್ದರೆ ಮುಖ ಗಾಜಿಗೆ. ದಾರಿ ಗಾಳದ ಕೊಕ್ಕೆಯಂತೆ ಕೊನೆಗೆ ಬಾಗಬೇಕು, ಪಕ್ ಮುಟ್ಟುವ ಹೊತ್ತಿಗೆ ಪಾದದ ತುದಿ ಆಗಲೇ ಹೊರಡುವ ದಿಕ್ಕಿಗಿರಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಪಕ್ಕಿನ ಹತ್ತಿರ ಬಂದಾಗ ಕಾಲು ನಿಲ್ಲುವುದು. ಕಾಲು ನಿಂತಿತೋ, ಉಳಿದದ್ದೆಲ್ಲ ಸರಿಯಿದ್ದರೂ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಆಗ ಹುಡುಗ ದಿಗಿಲಿಗೆ ಪಕ್ಕನ್ನು ಗೋಡೆಗುಂಟ ಜೋರಾಗಿ ಬಡಿಯುತ್ತಾನೆ, ಅದು ನೀಲಿ ಗೆರೆಯಲ್ಲಿ ಕಾದಿರುವ ಎದುರು ಡಿಫೆನ್ಸ್‌ಮನ್‌ಗೆ ಹಸ್ತಾಂತರ.

ಜೂನಿಯರ್‌ನಲ್ಲಿ ಈ ತಪ್ಪುಗಳೆಲ್ಲ ದಕ್ಕುತ್ತಿದ್ದವು. ಅಲ್ಲಿ ಬೆನ್ನಟ್ಟಿ ಬರುವವನು 17–18ರ ಹುಡುಗ. ಇಲ್ಲಿ ಬರುವವನು 27 ವರ್ಷದ, 95 ಕಿಲೋ ತೂಕದ, ಮನೆಯಲ್ಲಿ ಮಗು ಇರುವ ಗಂಡಸು. ಅವನಿಗೆ ಅದು ಹೊಟ್ಟೆಪಾಡು, ಅರ್ಧ ಸೆಕೆಂಡ್ ಮೊದಲೇ ಬರುತ್ತಾನೆ.

ಅಭ್ಯಾಸದ ಲೆಕ್ಕ ಹೀಗೆ: ಎಡಮೂಲೆಗೆ 12, ಬಲಮೂಲೆಗೆ 12, ವಾರಕ್ಕೆ ಮೂರು ದಿನ, ತಂಡದ ಪ್ರಾಕ್ಟೀಸ್ ಮುಗಿದ ಮೇಲೆ. ಮೊದಲ ಎರಡು ವಾರ ಬೆನ್ನಟ್ಟುವವರಿಲ್ಲ, ದಾರಿ ಮತ್ತು ಕಣ್ಣು ಮಾತ್ರ. ಆಮೇಲೆ ಒಬ್ಬ, ಎರಡು ಸೆಕೆಂಡ್ ತಡವಾಗಿ ಹೊರಡುತ್ತಾನೆ. ಅದು ಕೈಹತ್ತಿದ ಮೇಲೆ ಒಂದು ಸೆಕೆಂಡ್. ಕೊನೆಗೆ ಇಬ್ಬರು. ಅವಸರ ಮಾಡಿ ಮೊದಲ ವಾರವೇ ಇಬ್ಬರನ್ನು ಬಿಟ್ಟರೆ ಹುಡುಗ ಕಲಿಯುವುದು ಪಕ್ ಎಸೆದು ಪಾರಾಗುವುದನ್ನು. ಪಂದ್ಯದಲ್ಲಿ ಪ್ರತಿ ಸಲ ಮೂರು ಮನೆಗಳಲ್ಲಿ ಒಂದಕ್ಕೆ ಗೀಟು: ಪಕ್ ನಮ್ಮಲ್ಲೇ ಇದ್ದು ಹೊರಬಂತು, ಹೊರಬಂತು ಆದರೆ ಕೈತಪ್ಪಿತು, ಒಳಗೇ ಕಳೆದುಕೊಂಡ. ಸ್ಕೋರ್ ಪಟ್ಟಿಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಗೋಲು ಮತ್ತು ಗೋಲಾಗಿಸಿದ ಪಾಸುಗಳ ಲೆಕ್ಕವಾದ ಪಾಯಿಂಟ್ ನೋಡಿ ಹುಡುಗನನ್ನು ಅಳೆಯುವವರ ಜೊತೆ ನಾವು ವಾದಕ್ಕೇ ಇಳಿಯುವುದಿಲ್ಲ.

ಫಾರ್ವರ್ಡ್‌ಗೆ ಇದೇ ಪಾಠದ ಇನ್ನೊಂದು ಮುಖ ಗೋಡೆಯ ಬಳಿ ಸಿಗುತ್ತದೆ. ಡಿಫೆನ್ಸ್‌ಮನ್ ‘ಅಪ್’ ಕೊಟ್ಟ ಪಕ್ ಗೋಡೆಗುಂಟ ಬರುತ್ತದೆ, ಎದುರು ಡಿಫೆನ್ಸ್‌ಮನ್ ವಿಂಗರ್‌ನ ಮೇಲೆ ನುಗ್ಗುತ್ತಾನೆ. ಸ್ಟಿಕ್ಕಿನಿಂದಲೇ ಹಿಡಿಯಬೇಕೆಂಬ ಹಟ ಬಿಟ್ಟು ಸ್ಕೇಟಿನಿಂದಲಾದರೂ ನಿಲ್ಲಿಸಿ, ಹಿಂಭಾಗವನ್ನು ಗೋಡೆಗೆ ಒತ್ತಿ ನಿಂತು, ಪಕ್ಕನ್ನು ಅವನ ಪಕ್ಕದಿಂದ ಹೊರಗೆ ತಳ್ಳಿದರೆ ಸಾಕು. ಜೂನಿಯರ್‌ನಲ್ಲಿ ನೂರು ಪಾಯಿಂಟ್ ಮಾಡಿ ಬಂದವನಿಗೆ ಇದು ಕೂಲಿ ಕೆಲಸದಂತೆ ಕಾಣುತ್ತದೆ. ಮೇಲಿನ ತಂಡದಲ್ಲಿ ಮೊದಲ ಎರಡು ಲೈನ್ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಹೇಗೂ ಭರ್ತಿ, ಖಾಲಿಯಾಗುವುದು ಮೂರನೆಯದೋ ನಾಲ್ಕನೆಯದೋ. ಅಲ್ಲಿ ಕೇಳುವ ಕೆಲಸ ಇದೇ. ಅರ್ಷದೀಪ್ ಬೈನ್ಸ್ 2021–22ರಲ್ಲಿ ಪಶ್ಚಿಮ ಕೆನಡಾದ ಜೂನಿಯರ್ ಲೀಗಿನ ಅಗ್ರ ಸ್ಕೋರರ್. ಯಾರೂ ಡ್ರಾಫ್ಟ್ ಮಾಡಿರಲಿಲ್ಲ, ವ್ಯಾಂಕೂವರ್ ಒಪ್ಪಂದ ಕೊಟ್ಟು ತನ್ನ ಜೊತೆ ತಂಡ ಆಬಟ್ಸ್‌ಫರ್ಡ್‌ಗೆ ಕಳಿಸಿತು. 2024ರ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟಾಗ ಸಿಕ್ಕಿದ್ದು ಕೆಳಗಿನ ಲೈನ್‌ಗಳ ದುಡಿಮೆಯ ಜಾಗವೇ. ಅದೇ ಆಬಟ್ಸ್‌ಫರ್ಡ್ ತಂಡ 2025ರಲ್ಲಿ ಕ್ಯಾಲ್ಡರ್ ಕಪ್ ಗೆದ್ದಾಗ ಕೋಚ್ ಆಗಿದ್ದವರು ಮ್ಯಾನಿ ಮಲ್ಹೋತ್ರಾ, ಪಂಜಾಬಿ ತಂದೆಯ ಮಗ. 1998ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಆಯ್ಕೆಯಾದ ಮಲ್ಹೋತ್ರಾ ಎನ್‌ಎಚ್‌ಎಲ್‌ನಲ್ಲಿ 991 ಪಂದ್ಯ ಉಳಿದದ್ದು ಗೋಲ್ ಹೊಡೆದಲ್ಲ, ಫೇಸ್‌ಆಫ್ ಗೆದ್ದು, ಎದುರಾಳಿಯನ್ನು ತಡೆದು. ಹುಡುಗರಿಗೆ ಈ ಮಾತು ಹೇಳಲು ಅವರಿಗಿಂತ ಹಕ್ಕುಳ್ಳವರು ಕಡಿಮೆ.

ಆದರೆ ಒಂದು ಎಚ್ಚರಿಕೆ. ಗೋಡೆಯ ಕೆಲಸ ಕಲಿಸುತ್ತೇವೆಂದು ಗೋಲ್ ಹೊಡೆಯುವವನ ಕೈಯಿಂದ ಪವರ್ ಪ್ಲೇಯನ್ನು ಪೂರ್ತಿ ಕಿತ್ತುಕೊಂಡರೆ, ಮೂರು ತಿಂಗಳಲ್ಲಿ ಅವನು ಎರಡನ್ನೂ ಮರೆತಿರುತ್ತಾನೆ. ಎರಡನೇ ಪವರ್ ಪ್ಲೇ ಘಟಕವಾದರೂ ಅವನದಿರಲಿ.

ವಿಡಿಯೋ ವಿಷಯ ಬೇಗ ಮುಗಿಸುತ್ತೇವೆ. ಆರು ತುಣುಕು, ಹತ್ತು ನಿಮಿಷ. ಎರಡು ಚೆನ್ನಾಗಿ ಮಾಡಿದ್ದು, ಮೂರು ತಿದ್ದಬೇಕಾದ್ದು, ಒಂದು ಅದೇ ಸ್ಥಾನದ ಎನ್‌ಎಚ್‌ಎಲ್ ಆಟಗಾರನದು. ಇಪ್ಪತ್ತು ತುಣುಕು ತೋರಿಸಿದರೆ ಹುಡುಗ ಎಲ್ಲಕ್ಕೂ ತಲೆಯಾಡಿಸುತ್ತಾನೆ, ಬಾಗಿಲು ದಾಟಿದ ಮೇಲೆ ಒಂದೂ ನೆನಪಿರುವುದಿಲ್ಲ. ಫಿನ್ಲೆಂಡ್, ರಷ್ಯಾದಿಂದ ಬಂದವರಿಗೆ ಮೊದಲ ವರ್ಷ ಮಾತಿಗಿಂತ ಚಿತ್ರ ಮೇಲು. ಅರ್ಥವಾಗದಿದ್ದರೂ ‘ಯಾ, ಯಾ’ ಅನ್ನುವುದು ಎಲ್ಲ ದೇಶದ ಹುಡುಗರಿಗೂ ಬರುತ್ತದೆ. ಅದಕ್ಕೇ ಕೊನೆಗೆ ಬೋರ್ಡ್ ಪೆನ್ನು ಅವನ ಕೈಗೆ ಕೊಟ್ಟು ಅವನಿಂದಲೇ ಬರೆಸುವುದು.

ಶಿಫ್ಟ್ ಎಂದರೆ ಒಂದು ಸಲ ಮಂಜಿಗಿಳಿದು ಬೆಂಚಿಗೆ ಮರಳುವವರೆಗಿನ ಹೊತ್ತು. ಅದರ ಉದ್ದದ ಪಾಠ ಬಹುಶಃ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ನೋವಿನಿಂದ ಕಲಿಯುವಂಥದ್ದು. 40–45 ಸೆಕೆಂಡ್ ಆಡಿ ಬದಲಾಗಬೇಕು. ಮೊದಲ ಪೀರಿಯಡ್‌ನಲ್ಲಿ ನಮ್ಮ ಬೆಂಚ್ ನಮ್ಮ ಗೋಲಿನ ಹತ್ತಿರದ ಬದಿಗಿರುತ್ತದೆ. ಎರಡನೆಯದರಲ್ಲಿ ತಂಡಗಳು ತುದಿ ಬದಲಿಸುತ್ತವೆ, ಬೆಂಚ್ ದೂರ ಬೀಳುತ್ತದೆ. ಒಮ್ಮೆ ನಮ್ಮ ವಲಯದಲ್ಲಿ ಸಿಕ್ಕಿಬಿದ್ದರೆ ಡಿಫೆನ್ಸ್‌ಮನ್‌ಗಳಿಗೆ ಬದಲಾಗಲು ದಾರಿಯೇ ಇಲ್ಲ. ಒಂದು ನಿಮಿಷ ದಾಟಿತು, ಕಾಲು ಸೀಸವಾಯಿತು, ಪಕ್ ಕೈಗೆ ಬಂತು. ಹುಡುಗ ಏನು ಮಾಡುತ್ತಾನೆ? ಸುಂದರವಾದ ಪಾಸ್ ಹುಡುಕುತ್ತಾನೆ. ಮಾಡಬೇಕಾದ್ದು ಪಕ್ಕನ್ನು ಮಧ್ಯಗೆರೆ ದಾಟಿಸಿ ಎದುರಾಳಿಯ ಮೂಲೆಗೆ ತಳ್ಳಿ ಬೆಂಚಿಗೆ ಓಡುವುದು. ಮಧ್ಯಗೆರೆಯ ಈಚೆಯಿಂದ ಎಸೆದರೆ ಐಸಿಂಗ್, ಫೇಸ್‌ಆಫ್ ಮತ್ತೆ ನಮ್ಮ ವಲಯದಲ್ಲೇ, ದಣಿದ ಐವರೇ ಮತ್ತೆ ನಿಲ್ಲಬೇಕು, ನಿಯಮದಂತೆ ಬದಲಾಯಿಸುವಂತಿಲ್ಲ. ಹೀಗೆ ಸಿಕ್ಕಿಬಿದ್ದ ಐವರ ಮೇಲೆ ಬಿದ್ದ ಗೋಲುಗಳನ್ನು ಡಿಸೆಂಬರ್‌ನಲ್ಲಿ ಒಂದು ಕಡೆ ಜೋಡಿಸಿ ತೋರಿಸಿದರೆ ಬೇರೆ ಉಪನ್ಯಾಸ ಬೇಡ.

ವಾರಾಂತ್ಯಗಳು ಬೇರೆಯೇ ಪರೀಕ್ಷೆ. ಎಎಚ್‌ಎಲ್ ಟಿಕೆಟ್ ಮಾರಾಟದ ಮೇಲೆ ಬದುಕುವ ಲೀಗ್, ಪಂದ್ಯಗಳು ಶುಕ್ರವಾರ, ಶನಿವಾರ, ಭಾನುವಾರಕ್ಕೇ ಬೀಳುತ್ತವೆ. ಮೂರು ದಿನಕ್ಕೆ ಮೂರು ಪಂದ್ಯ ಮೊದಲಿಗಿಂತ ಕಡಿಮೆಯಾಗಿದೆಯೇ ಹೊರತು ನಿಂತಿಲ್ಲ. ಪೂರ್ವದ ತಂಡಗಳಿಗೆ ಇದು ಬಸ್ಸಿನ ಕಥೆ. ಸ್ಪ್ರಿಂಗ್‌ಫೀಲ್ಡ್‌ನಿಂದ ಹಾರ್ಟ್‌ಫರ್ಡ್‌ಗೆ 40 ಕಿಲೋಮೀಟರ್ ಚಿಲ್ಲರೆ, ಪ್ರಾವಿಡೆನ್ಸ್ ಅಲ್ಲಿಂದ ಸ್ವಲ್ಪ ದೂರ. ಪಶ್ಚಿಮದ ಆಬಟ್ಸ್‌ಫರ್ಡ್‌ನಂಥವರಿಗೆ ಎಲ್ಲವೂ ವಿಮಾನದ ದೂರ, ಹಾಗಾಗಿ ಒಂದೇ ಊರಲ್ಲಿ ಒಂದೇ ಎದುರಾಳಿಯ ಜೊತೆ ಎರಡು ಪಂದ್ಯ ಆಡಿ ಬರುತ್ತಾರೆ. ಶುಕ್ರವಾರ ರಾತ್ರಿ ಹತ್ತಕ್ಕೆ ಪಂದ್ಯ ಮುಗಿದು, ಬಸ್ಸಿನಲ್ಲಿ ಊಟವಾಗಿ, ಒಂದು ಗಂಟೆಗೆ ಹೋಟೆಲ್. ಎಕ್ವಿಪ್‌ಮೆಂಟ್ ನೋಡಿಕೊಳ್ಳುವವರಿಗೆ ಆಗಲೇ ಕೆಲಸ ಶುರು. ಚೀಲಗಳನ್ನೆಲ್ಲ ಡ್ರೆಸ್ಸಿಂಗ್ ರೂಮಿನಲ್ಲಿ ಬಿಚ್ಚಿ ಹರಡಿ, ಫ್ಯಾನ್ ಹಾಕಿ ಒಣಗಿಸಬೇಕು. ಒದ್ದೆ ಕೈಗವಸಿನಲ್ಲಿ ಶನಿವಾರ ಆಡಿದವನ ಅಂಗೈ ಭಾನುವಾರಕ್ಕೆ ಬೊಕ್ಕೆ. ಸ್ಕೇಟಿನ ಉಕ್ಕಿನ ಪಟ್ಟಿ ಬಿಚ್ಚಿ ಒರೆಸದಿದ್ದರೆ ಬೆಳಗ್ಗೆ ತುಕ್ಕಿನ ಚುಕ್ಕೆ.

ಸ್ಕೇಟಿನ ಮಾತು ಬಂದದ್ದಕ್ಕೆ: ಪಟ್ಟಿಯ ತಳದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ, ಅದರ ಎರಡು ಅಂಚು ಮಂಜನ್ನು ಕಚ್ಚುತ್ತವೆ. ತೋಡಿನ ತ್ರಿಜ್ಯ ಅರ್ಧ ಅಂಗುಲ ಎಂದರೆ ಸಾಧಾರಣ, ಐದೆಂಟಾಂಶ ಅಂಗುಲ ಎಂದರೆ ಆಳ ಕಡಿಮೆ, ಕಚ್ಚು ಕಡಿಮೆ, ಜಾರು ಹೆಚ್ಚು. ಮೂರೆಂಟಾಂಶ ಎಂದರೆ ಆಳ, ಚೂಪು. ಬೆಚ್ಚಗಿನ ಊರುಗಳಲ್ಲಿ, ಹಿಂದಿನ ರಾತ್ರಿ ಸಂಗೀತ ಕಛೇರಿ ನಡೆದ ಅರೀನಾಗಳಲ್ಲಿ ಮಂಜು ಮೆತ್ತಗಿರುತ್ತದೆ. ಚೂಪು ಪಟ್ಟಿ ಅದರೊಳಗೆ ಹೂತುಹೋಗಿ ಕಾಲು ಎರಡನೇ ಪೀರಿಯಡ್‌ಗೇ ಸೋಲುತ್ತದೆ. ಹೊಸ ಹುಡುಗರು ಜೂನಿಯರ್‌ನಲ್ಲಿ ಇದ್ದ ಅಳತೆಯನ್ನೇ ಕಣ್ಣುಮುಚ್ಚಿ ಹೇಳುತ್ತಾರೆ. ಕ್ಯಾಂಪಿನಲ್ಲೇ ಎರಡು ಮೂರು ಅಳತೆ ಹಾಕಿಸಿ ನೋಡುವುದು ಒಳ್ಳೆಯದು, ನಡು ಋತುವಿನಲ್ಲಿ ಬದಲಾಯಿಸಲು ಹೊರಟರೆ ತೊಡೆಸಂದಿಗೆ ತೊಂದರೆ.

ಊಟವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಜೂನಿಯರ್‌ನಲ್ಲಿ ಹುಡುಗ ಒಂದು ಕುಟುಂಬದ ಮನೆಯಲ್ಲಿದ್ದ, ಬಿಸಿ ಊಟ ಮೇಜಿಗೆ ಬರುತ್ತಿತ್ತು. ಇಲ್ಲಿ ಇಬ್ಬರು ಸೇರಿ ಒಂದು ಅಪಾರ್ಟ್‌ಮೆಂಟ್, ಒಂದು ಬಾಣಲೆ. ಪ್ರತಿ ಸೋಮವಾರ ತೂಕ ನೋಡುತ್ತೇವೆ. ನವೆಂಬರ್ ಕೊನೆಗೆ ಮೂರು ಕಿಲೋ ಇಳಿದವನು ಕಂಡರೆ ಅದು ಪ್ರಾಕ್ಟೀಸ್ ಹೆಚ್ಚಾದದ್ದಲ್ಲ, ರಾತ್ರಿ ಪಂದ್ಯದ ಮೇಲೆ ಕಾರ್ನ್‌ಫ್ಲೇಕ್ಸ್ ಡಬ್ಬಿಯಲ್ಲೇ ಊಟ ಮುಗಿಸುತ್ತಿರುವುದು. ಅನ್ನ, ಕೋಳಿ, ಮೊಟ್ಟೆ, ತರಕಾರಿ ಬೇಯಿಸುವುದನ್ನು ಅಕ್ಟೋಬರ್ ಮೊದಲ ವಾರದಲ್ಲೇ ಕಲಿಸಿಬಿಡಬೇಕು.

ಗೋಲಿಗಳದ್ದು ಬೇರೆ ಪಂಚಾಂಗ. 72 ಪಂದ್ಯ, ಇಬ್ಬರು ಗೋಲಿಗಳು. ಮೂರನೆಯವನನ್ನು ಬೆಂಚಿನಲ್ಲಿ ಕೂರಿಸಿ ‘ಪ್ರಾಕ್ಟೀಸ್‌ನಲ್ಲಿ ಕಲಿಯಲಿ’ ಅನ್ನುವುದು ಶುದ್ಧ ತಪ್ಪು. ಪ್ರಾಕ್ಟೀಸ್‌ನಲ್ಲಿ ಸಹ ಆಟಗಾರರು ಹೊಡೆಯುವ ಪಕ್ ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತು. ಪರದೆಯಂತೆ ಮುಂದೆ ನಿಂತ ಜನ, ತಾಗಿ ದಿಕ್ಕು ಬದಲಿಸಿದ ಪಕ್, ಗೋಲ್ ಬಿದ್ದ ಮೇಲಿನ ಒಂದು ನಿಮಿಷ, ಇವು ಪಂದ್ಯದಲ್ಲಿ ಮಾತ್ರ ಸಿಗುತ್ತವೆ. ಅವನನ್ನು ಇಸಿಎಚ್‌ಎಲ್‌ಗೆ ಕಳಿಸಿ 35–40 ಪಂದ್ಯ ಆಡಿಸುವುದೇ ಸರಿ. ಹುಡುಗನಿಗೂ ಅವನ ಏಜೆಂಟಿಗೂ ಅದು ಅವಮಾನದಂತೆ ಕಾಣುತ್ತದೆ. ಜೊನಾಥನ್ ಕ್ವಿಕ್ 2007–08ರಲ್ಲಿ ಇಸಿಎಚ್‌ಎಲ್‌ನ ರೆಡಿಂಗ್‌ನಲ್ಲಿ ಗೋಲು ಕಾದಿದ್ದ, 2012ರಲ್ಲಿ ಲಾಸ್ ಏಂಜಲೀಸ್‌ಗೆ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದುಕೊಟ್ಟ. ಜೋರ್ಡನ್ ಬಿನ್ನಿಂಗ್ಟನ್ 2011ರಲ್ಲಿ ಡ್ರಾಫ್ಟ್ ಆದವನು, ಎನ್‌ಎಚ್‌ಎಲ್‌ನಲ್ಲಿ ಮೊದಲ ಬಾರಿ ಪಂದ್ಯದ ಆರಂಭದಿಂದ ನಿಂತದ್ದು 2019ರ ಜನವರಿಯಲ್ಲಿ, ಆ ಜೂನ್‌ನಲ್ಲೇ ಕಪ್ ಎತ್ತಿದ. ಗೋಲಿಯ ಹಾಳೆಯಲ್ಲಿ ಮೂರು ವರ್ಷ ಎಂದರೆ ಏನೂ ಅಲ್ಲ. ತಾಂತ್ರಿಕವಾಗಿ ಈಗಿನ ಹುಡುಗರಲ್ಲಿ ಎಲ್ಲೆಡೆ ಕಾಣುವ ದೋಷ ಒಂದೇ, ಪಕ್ ಗೋಲ್ ಗೆರೆಯ ಹತ್ತಿರ ಬಂದ ಕೂಡಲೇ ಕಂಬಕ್ಕೆ ಆತು ಮಂಡಿಯೂರಿ ಕೂರುವುದು. ಹೊಡೆಯುವವನು ಇನ್ನೂ ಹತ್ತು ಅಡಿ ದೂರದಲ್ಲಿದ್ದಾಗಲೇ ಕೂತರೆ ಕಿವಿಯ ಪಕ್ಕದ ಜಾಗ ತೆರೆದುಕೊಳ್ಳುತ್ತದೆ, ಎಎಚ್‌ಎಲ್‌ನವರು ಅಲ್ಲಿಗೇ ಹೊಡೆಯುತ್ತಾರೆ.

ಮತ್ತೆ ನಮ್ಮ ಡಿಫೆನ್ಸ್‌ಮನ್‌ಗೆ ಬರೋಣ. ಜನವರಿಯಲ್ಲಿ ಮೇಲಿನ ತಂಡದಲ್ಲಿ ಯಾರದೋ ಪಾದಕ್ಕೆ ಪಕ್ ತಗುಲುತ್ತದೆ. ಕರೆ ಬರುವುದು ಸಾಮಾನ್ಯವಾಗಿ ರಾತ್ರಿ, ಪಂದ್ಯ ಮುಗಿದ ಮೇಲೆ. ಕೋಚ್ ಹುಡುಗನನ್ನು ಒಳಗೆ ಕರೆದು ಹೇಳುತ್ತಾನೆ, ಹುಡುಗ ಅಪ್ಪ ಅಮ್ಮನಿಗೆ ಫೋನ್ ಮಾಡುತ್ತಾನೆ. ಅತ್ತ ಚೀಲ ತುಂಬುವ ಕೆಲಸ: ಸ್ಕೇಟು, ಹೆಚ್ಚುವರಿ ಉಕ್ಕಿನ ಪಟ್ಟಿ ಒಂದು ಜೊತೆ, ಆರು ಸ್ಟಿಕ್ಕು. ಕೆಳಗಿನ ತಂಡದ ಹೆಲ್ಮೆಟ್ಟು, ಕೈಗವಸು ಬೇರೆ ಬಣ್ಣದವು, ಮೇಲೆ ಹೊಸದು ಕೊಡುತ್ತಾರೆ. ಪ್ಯಾಂಟು ಮಾತ್ರ ಅವನದೇ ಇರಲಿ ಎಂದು ಅದರ ಮೇಲೆ ಆ ತಂಡದ ಬಣ್ಣದ ತೆಳು ಬಟ್ಟೆಯ ಕವಚ ಹಾಕುತ್ತಾರೆ. ಹೊಸ ಕೈಗವಸು ಗಟ್ಟಿ, ಮೊದಲ ರಾತ್ರಿ ಪಾಸ್ ಕೈತಪ್ಪಲು ಅದೂ ಒಂದು ಕಾರಣ. ಮೇಲಕ್ಕೆ ಹೋಗುವ ಸಾಧ್ಯತೆ ಇರುವವನಿಗೆ ಆ ಬಣ್ಣದ ಒಂದು ಜೊತೆ ಮೊದಲೇ ತರಿಸಿ ಪ್ರಾಕ್ಟೀಸ್‌ನಲ್ಲಿ ಪಳಗಿಸುವುದು ಜಾಣತನ.

ದುಡ್ಡಿನ ಮಾತನ್ನೂ ಆಡಿಬಿಡಬೇಕು. 2025–26ರ ಎನ್‌ಎಚ್‌ಎಲ್ ಕನಿಷ್ಠ ಸಂಬಳ 7,75,000 ಡಾಲರ್, ಸುಮಾರು 190 ದಿನಕ್ಕೆ ಹಂಚಿ ಕೊಡುತ್ತಾರೆ. ಮೇಲಿದ್ದ ಒಂದೊಂದು ದಿನಕ್ಕೂ ನಾಲ್ಕು ಸಾವಿರ ಡಾಲರ್ ಆಸುಪಾಸು, ಕೆಳಗೆ ಅದರ ಸಣ್ಣ ಪಾಲು. ಹೀಗಿರುವಾಗ ಕರೆ ಬರುವ ವಾಸನೆ ಹತ್ತಿದ ಹುಡುಗ ತೊಡೆಸಂದಿನ ನೋವನ್ನು ಮುಚ್ಚಿಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಬೆಳಗಿನ ವಾರ್ಮ್‌ಅಪ್‌ನಲ್ಲಿ ಅವನು ಎಡಕ್ಕೆ ತಿರುಗುವಾಗ ಒಂದು ಹೆಜ್ಜೆ ಕಡಿಮೆ ಇಡುತ್ತಿದ್ದಾನೆಯೇ ಎಂದು ನೋಡುವುದು ನಮ್ಮ ಕೆಲಸ.

ಮೇಲೆ ಹೋದವನು ಆಡಿದರೆ ಏನೋ ಒಂದು. ಮೂರನೇ ಜೋಡಿಯಲ್ಲಿ ಹನ್ನೆರಡು ನಿಮಿಷ ಸಿಕ್ಕಿದರೂ ಕಲಿಯುತ್ತಾನೆ. ಆಡದೆ ಎರಡು ವಾರ ಪ್ರೆಸ್ ಬಾಕ್ಸಿನಲ್ಲಿ ಕೂತು ಪಾಪ್‌ಕಾರ್ನ್ ತಿಂದು ಬಂದವನನ್ನು ಮತ್ತೆ ಲಯಕ್ಕೆ ತರಲು ಇನ್ನೆರಡು ವಾರ ಬೇಕು. ಮೇಲಿನವರಿಗೆ ನಾವು ಒತ್ತಾಯಿಸಿ ಹೇಳುವುದು ಇದನ್ನೇ: ಇಪ್ಪತ್ತು, ಇಪ್ಪತ್ತೊಂದರ ಹುಡುಗನಿಗೆ ಸತತ ಮೂರು ಪಂದ್ಯ ಜಾಗ ಇಲ್ಲವೆಂದರೆ ವಾಪಸ್ ಕಳಿಸಿ, ಹೆಚ್ಚುವರಿ ಆಳಾಗಿ ಕೂರಲು ಮೂವತ್ತರವನನ್ನು ಇಟ್ಟುಕೊಳ್ಳಿ.

ವಾಪಸ್ ಬಂದ ಮೊದಲ ವಾರ ಆಟ ಕೆಡುತ್ತದೆ, ಅದು ಲೆಕ್ಕದಲ್ಲೇ ಇರುತ್ತದೆ. ಮೇಲೆ ಸಹ ಆಟಗಾರರು ಸರಿಯಾದ ಜಾಗದಲ್ಲಿ ನಿಂತಿರುತ್ತಾರೆ, ಪಾಸ್ ಬ್ಲೇಡಿಗೇ ಬಂದು ಬೀಳುತ್ತದೆ. ಇಲ್ಲಿ ಜಾಗ ಹಿಡಿಯುವವನು ಅರ್ಧ ಸೆಕೆಂಡ್ ತಡ, ಪಾಸ್ ಪಾದಕ್ಕೆ. ಹುಡುಗ ಯಾರೂ ಇಲ್ಲದ ಜಾಗಕ್ಕೆ ಪಾಸ್ ಕೊಡುತ್ತಾನೆ. ಮುಖ ಬಾಡುತ್ತದೆ, ಇವರಿಂದಲೇ ನಾನು ಕೆಟ್ಟೆ ಅನ್ನುವ ಭಾವ ಬರುತ್ತದೆ. ಆ ವಾರ ವಿಡಿಯೋ ಆರು ತುಣುಕಿನಿಂದ ಎರಡಕ್ಕೆ ಇಳಿಸಿ, ಎರಡೂ ಮೇಲಿನ ಪಂದ್ಯದವೇ ಇರುವಂತೆ ನೋಡಿಕೊಳ್ಳುತ್ತೇವೆ. ಅಲ್ಲಿ ಅವನ ಮೂಲೆಯ ಲೆಕ್ಕವೂ ಇರುತ್ತದೆ: ಹನ್ನೊಂದು ಸಲ ಪಕ್ ತರಲು ಹೋದ, ಏಳು ಸಲ ಹಿಡಿತದಲ್ಲಿ ಹೊರತಂದ, ಮೂರು ಸಲ ಹೊರಗೆ ಬಿಸಾಡಿದ, ಒಂದು ಕಳೆದುಕೊಂಡ ಎಂದಿಟ್ಟುಕೊಳ್ಳಿ. ಆ ಒಂದನ್ನು ನಿಲ್ಲಿಸಿ ನೋಡಿದರೆ ಕತ್ತು ತಿರುಗಿದೆ, ಕಾಲೂ ನಿಂತಿಲ್ಲ. ಜೊತೆಗಾರನ ಕೂಗು ಕೇಳಿಸಿಲ್ಲ, ಯಾಕೆಂದರೆ ಹದಿನೆಂಟು ಸಾವಿರ ಜನರ ಗದ್ದಲದ ನಡುವೆ ಅವನು ಈ ಕೆಲಸ ಎಂದೂ ಮಾಡಿರಲಿಲ್ಲ.

ಮಂಗಳವಾರದ ಪ್ರಾಕ್ಟೀಸ್ ಮುಗಿದ ಮೇಲೆ ರಿಂಕಿನ ಸ್ಪೀಕರ್‌ನಲ್ಲಿ ಹಾಡನ್ನು ಕಿವಿ ಗಡಚಿಕ್ಕುವಷ್ಟು ಜೋರು ಮಾಡುತ್ತೇವೆ. ಎಡಮೂಲೆಗೆ 12, ಬಲಮೂಲೆಗೆ 12.